ಹುಚ್ಚೆದ್ದ ಕಬ್ಬಿಣದ ತೋಳು

ತಲೆ ಬಗ್ಗಿಸಿದೆ. ನೆತ್ತಿಯಿಂದ ಒಂದು ಗೇಣು ಮೇಲೆ ಕಬ್ಬಿಣದ ತೋಳು ಸುಂಯ್ ಎಂದು ಹಾದುಹೋಯಿತು!

"ಸತ್ತೋದ್ಯಾ?" ಇಯರ್‌ಫೋನ್‌ನಲ್ಲಿ ತಂಗಿ.

"ಇನ್ನೂ ಇಲ್ಲ."

"ಹಾಗಾದ್ರೆ ಲ್ಯಾಪ್‌ಟಾಪ್ ತೆಗಿ."

ಕೆಮಿಕಲ್ ಗೋದಾಮಿನ ರೋಬೋಟ್ ತೋಳು ಅದು. ಹಿಡಿತದಲ್ಲಿ ದೊಡ್ಡ ಆಸಿಡ್ ಕ್ಯಾನ್. ಇತ್ತ ಬೀಸಿದರೆ ನನ್ನ ತಲೆ, ಅತ್ತ ಬೀಸಿದರೆ ಮೂಲೆಯಲ್ಲಿ ಸಿಕ್ಕಿಬಿದ್ದ ಸ್ಟೋರ್‌ಕೀಪರ್ ತಲೆ. ಕರೆಂಟ್ ತೆಗೆದರೆ ಹಿಡಿತ ಬಿಡುತ್ತದೆ... ಕ್ಯಾನ್ ಸೀದಾ ಅವರ ಮೈಮೇಲೆ!

"ಯಾವ ಬೇವರ್ಸಿ ಬರೆದ್ನೋ ಇದರ ಪ್ರೋಗ್ರಾಂ!" ಅವರು ಅರಚಿದರು.

ಅದನ್ನು ಪತ್ತೆ ಮಾಡುವುದೇ ನನ್ನ ದಂಧೆ. ಕೆಟ್ಟ ಯಂತ್ರ ಎಲ್ಲಿದೆಯೋ ಅಲ್ಲಿ ನಾನು. ನನ್ನ ಕೈಯಿಂದ ತಪ್ಪಿಸಿಕೊಂಡವರಿಲ್ಲ.

ಫೈಲ್ ತೆರೆದೆ. ಮೊದಲ ಸಾಲಲ್ಲೇ ಆಸಾಮಿ ಕೊಚ್ಚಿಕೊಂಡಿದ್ದ: 'ಪರ್ಫೆಕ್ಟ್ ಕೋಡ್. ಯಾರೂ ಮುಟ್ಟಬೇಡಿ.'

ಕೆಳಗೆ ಹತ್ತು ವರ್ಷದ ಹಿಂದಿನ ತಾರೀಖು, ಹೆಸರು... ನನ್ನದೇ!

"ಅಣ್ಣಾ, ಏನಾಗಿದೆ?"

"ಯಾರೋ... ಕೆಲಸ ಮುಗಿಸಿ ತೋಳನ್ನ ಬಿಟ್ಟುಕೊಟ್ಟಿದ್ದಾನೆ. ಆದ್ರೆ ಮೆಮೊರಿಯ ಹಳೇ ವಿಳಾಸ ಇಟ್ಕೊಂಡು ಇನ್ನೂ ಆರ್ಡರ್ ಕೊಡ್ತಿದ್ದಾನೆ."

ಬಾಡಿಗೆ ಮನೆ ಬಿಟ್ಟವನು ಹಳೇ ಕೀ ಹಿಡಿದು ಮತ್ತೆ ನುಗ್ಗಿದ ಹಾಗೆ. ಒಳಗೆ ಈಗ ಬೇರೆ ಸಂಸಾರ. ಅಲ್ಲಿದ್ದ ಸಂಬಂಧವಿಲ್ಲದ ಅಂಕಿಗಳೆಲ್ಲ ತೋಳಿಗೆ ಅಪ್ಪಣೆಯಾಗಿ ಹೋಗುತ್ತಿತ್ತು.

"ಯಾರೋ?" ತಂಗಿ ನಕ್ಕಳು. "ತೋಳನ್ನ ನನ್ನ ಲೈಬ್ರರಿಗೆ ಒಪ್ಪಿಸು."

ಅವಳ ಲೈಬ್ರರಿ ಎಂದರೆ ಪುಸ್ತಕದ್ದಲ್ಲ, ಅವಳೇ ಬರೆದ ಕೋಡ್; ಯಂತ್ರಕ್ಕೂ ಪ್ರೋಗ್ರಾಂಗೂ ನಡುವೆ ನಿಲ್ಲುವ ಕಾವಲು. ಬಿಟ್ಟುಕೊಟ್ಟದ್ದನ್ನು ಮತ್ತೆ ಮುಟ್ಟಲು ಬಿಡುವುದಿಲ್ಲ. ಕೆಲಸ ಮುಗಿದರೆ ತೋಳಲ್ಲಿರುವುದನ್ನು ತಾನೇ ಮೆಲ್ಲಗೆ ಇಳಿಸಿ ಮುಚ್ಚುತ್ತದೆ. ಹೋದ ವರ್ಷ ಮನೆಮಂದಿಯೆಲ್ಲ ಊಟಕ್ಕೆ ಕೂತಾಗ ಅದನ್ನು 'ಮಕ್ಕಳಾಟ' ಎಂದು ಗೇಲಿ ಮಾಡಿದವನು ನಾನೇ. ನಗಬೇಡಿ.

ಟಕಟಕ ಬರೆದೆ. ಎರರ್! 'ಬಿಟ್ಟುಕೊಟ್ಟದ್ದನ್ನು ಮತ್ತೆ ಬಳಸಿದ್ದೀರಿ. ಸಾಲು ಹದಿನೇಳು.'

ಅದೇ ತಪ್ಪು. ಹತ್ತು ವರ್ಷವಾದರೂ ಅದೇ ತಪ್ಪು!

ಕ್ಯಾನ್ ಮುಚ್ಚಳ ಸಡಿಲವಾಯಿತು. ಒಂದು ಹನಿ ಬಿತ್ತು. ಸ್ಟೋರ್‌ಕೀಪರ್ ಶೂನಿಂದ ಹೊಗೆ ಎದ್ದಿತು.

"ಬೇಗ ಮಾಡ್ರೀ!"

ಕಾವಲು ದಾಟಲು ಒಂದೇ ಪದ ಸಾಕು. ಅನ್‌ಸೇಫ್, ಅಂದರೆ 'ತಪಾಸಣೆ ಬೇಡ'. ಬೆರಳು ತಾನಾಗಿ ಓಡಿತು...

"ಅನ್‌ಸೇಫ್ ಅಂತ ಹೊಡೀತಿದ್ದೀಯಾ?"

"ಇ... ಇಲ್ಲ."

"ಕೀಬೋರ್ಡ್ ಸದ್ದು ಕೇಳ್ತಿದೆ. ನೀನು ಇಷ್ಟು ಧೈರ್ಯವಾಗಿ ಹೊಡೆಯೋ ಪದ ಅದೊಂದೇ. ಅಳಿಸು!"

ಅಳಿಸಿದೆ. ಹದಿನೇಳನೇ ಸಾಲನ್ನೂ ಅಳಿಸಿದೆ. ರನ್!

ತೋಳು ನಿಂತಿತು. ಒಮ್ಮೆ ಅದುರಿತು. ಪಕ್ಕಕ್ಕೆ ಸರಿದು, ಮಲಗಿದ ಮಗುವನ್ನು ಇಳಿಸುವ ಹಾಗೆ ಕ್ಯಾನನ್ನು ನೆಲಕ್ಕಿಟ್ಟಿತು.

ನಾನು ಲ್ಯಾಪ್‌ಟಾಪ್ ಮುಚ್ಚಿದೆ.

ಸ್ಟೋರ್‌ಕೀಪರ್ ಒಂದೇ ಶೂನಲ್ಲಿ ಕುಂಟುತ್ತಾ ಬಂದು ನನ್ನನ್ನು ತಬ್ಬಿಕೊಂಡರು. "ಜೀವ ಉಳಿಸಿದ್ರಿ ಸಾರ್! ಆದ್ರೆ ಅದನ್ನ ಬರೆದವನು ಯಾರು, ಪತ್ತೆ ಮಾಡಿ. ಅವನ ಚರ್ಮ ಸುಲೀಬೇಕು!"

"ಖಂಡಿತ," ಎಂದೆ.

ಇಯರ್‌ಫೋನ್‌ನಲ್ಲಿ ತಂಗಿ ಕೆಮ್ಮಿದಳು.

ಇವತ್ತಿಗೂ ಅವನನ್ನು ಹುಡುಕುತ್ತಿದ್ದೇನೆ... ಕನ್ನಡಿ ಇಲ್ಲದ ಜಾಗಗಳಲ್ಲಿ ಮಾತ್ರ!