ಬಿಸಿಗೆ ಮೊದಲು ಸಡಿಲವಾದದ್ದು

‘ನನ್ನ ಮದ್ವೆ ಆಯ್ತೀಯಾ?’ ಎಂದು ಸ್ವಾಮಿ ಕೇಳಿದಾಗ ನಾನು ಲ್ಯಾಬಿನಲ್ಲಿ ಸ್ಯಾಂಪಲ್ ಹೋಲ್ಡರ್ ಒರೆಸುತ್ತಿದ್ದೆ. ಹುಡುಗಿಯ ಎದೆ ಢವಢವ ಹೊಡೆದುಕೊಳ್ಳಬೇಕಂತೆ. ನನ್ನದು ತೆಪ್ಪಗಿತ್ತು.

‘ಏನಾದ್ರೂ ಏಳೇ ರಂಜಿ. ಭಾನುವಾರ ಮಳವಳ್ಳಿಗೆ ಹೆಣ್ಣು ನೋಡೋಕೆ ಓಗ್ಬೇಕು ಅಂತ ಅವ್ವ ಹಟ ಹಿಡಿದವ್ಳೆ.’

‘ಯೋಚ್ನೆ ಮಾಡ್ತೀನಿ’ ಎಂದೆ.

ಅವನು ಕಿರುಗಾವಲಿನವನು, ನಾನು ಬಸರಾಳಿನವಳು. ಮಂಡ್ಯದಲ್ಲಿ ಒಬ್ಬರೇ ಗೈಡ್ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದೇವೆ. ನನ್ನ ಅವ್ವ ತೀರಿಕೊಂಡ ಮೇಲೆ ನನಗೆ ಅಳುವೂ ಇಲ್ಲ, ನಗುವೂ ಇಲ್ಲ. ಸ್ವಾಮಿ ಒಮ್ಮೆ ಕೊಕ್ಕರೆ ಬೆಳ್ಳೂರಿಗೆ ಕರೆದುಕೊಂಡು ಹೋದ. ಮರದ ತುಂಬ ಹಕ್ಕಿಗಳು. ಅವನು ಮಾತ್ರ ಹಕ್ಕಿ ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದ.

‘ಹಕ್ಕಿಗಳ್ನ ಕರೆಂಟ್ ಬಿಲ್ ನೋಡ್ದಂಗೆ ನೋಡ್ತೀಯಲ್ಲೇ!’ ಎಂದು ನಕ್ಕಿದ್ದ.

ಶನಿವಾರ ನನ್ನ ಥೀಸಿಸ್‌ನ ಅಧ್ಯಾಯವನ್ನು ಅವನಿಗೆ ತೋರಿಸಿದೆ. ಕಬ್ಬಿನ ಸಕ್ಕರೆಯಿಂದ ಮಾಡುವ ಪ್ಲಾಸ್ಟಿಕ್ಕಿನ ತೆಳು ಹಾಳೆಯನ್ನು ಸ್ವಲ್ಪ ಸ್ವಲ್ಪವೇ ಕಾಯಿಸಿ, ಪ್ರತಿ ಹಂತದಲ್ಲೂ ಇನ್‌ಫ್ರಾರೆಡ್ ಬೆಳಕು ಹಾಯಿಸಿ ಗ್ರಾಫ್ ತೆಗೆಯುವುದು ನನ್ನ ಕೆಲಸ. ಗ್ರಾಫ್‌ಗಳನ್ನೆಲ್ಲ ಸೇರಿಸಿ ಕಂಪ್ಯೂಟರ್ ಎರಡು ನಕ್ಷೆ ಕೊಡುತ್ತದೆ. ಅಣುವಿನ ಯಾವ ಭಾಗಗಳು ಜೊತೆಯಾಗಿ ಬದಲಾದವು ಎಂದು ಮೊದಲನೆಯದು ಹೇಳುತ್ತದೆ. ಯಾವುದು ಮುಂಚೆ ಬದಲಾಯಿತು ಎಂದು ಎರಡನೆಯದು. ಒಂದು ಏರಿ ಇನ್ನೊಂದು ಇಳಿದಿದ್ದರೆ ಮೊದಲ ನಕ್ಷೆಯಲ್ಲಿ ಮೈನಸ್ ಬರುತ್ತದೆ. ಆಗ ಎರಡನೆಯದನ್ನು ತಿರುವುಮುರುವಾಗಿ ಓದಬೇಕು.

ಸ್ವಾಮಿ ಬಹಳ ಹೊತ್ತು ನೋಡಿದ. ‘ರಂಜಿ, ಇಲ್ಲಿ ಮೈನಸ್ ಐತೆ. ನೀನು ನೋಡೇ ಇಲ್ಲ. ಮೊದ್ಲು ಸಡ್ಲ ಆಗಿದ್ದು ಯಾವ್ದು ಅಂತ ಬರ್ದಿರೋದೆಲ್ಲ ಉಲ್ಟಾ.’

‘ಪೂರ್ತಿನಾ?’

‘ಪೂರ್ತಿ ಕಣೇ.’

‘ಆಯ್ತು ಬುಡು, ತಿದ್ತೀನಿ.’

ಅವನಿಗೇ ರೇಗಿತು. ‘ಬೈಯೇ! ಟೇಬಲ್ನಾದ್ರೂ ಗುದ್ದೇ! ಎಷ್ಟ್ ಕಷ್ಟಪಟ್ಟಿದ್ದೀಯಾ ಇದಕ್ಕೆ!’

‘ಬರಲ್ಲ ಸ್ವಾಮಿ.’

ಅವನು ಮತ್ತೆ ಪರದೆಯತ್ತ ತಿರುಗಿದ. ದನಿ ಇಳಿದಿತ್ತು. ‘ಇಂಥಾದ್ರಲ್ಲಿ ತಪ್ಪೋಳಲ್ಲ ನೀನು. ಯಾವತ್ತು ಮಾಡ್ದೆ ಇದ್ನ?’

‘ಅವ್ವನ ತಿಥಿ ದಿನ. ಮನೇಲಿ ಎಲ್ರೂ ಅಳ್ತಿದ್ರು. ನಂಗೊಬ್ಳಿಗೇ ಬರ್ಲಿಲ್ಲ. ಜನ ಮುಖ ನೋಡ್ತಾವ್ರೆ ಅಂತ ನಾಚ್ಕೆ ಆಗಿ ಲ್ಯಾಬಿಗೆ ಬಂದ್ಬುಟ್ಟೆ.’

ಇದನ್ನು ಯಾರಿಗೂ ಹೇಳಿರಲಿಲ್ಲ. ಅವನು ತನ್ನ ನೀರಿನ ಬಾಟಲಿಯನ್ನು ನನ್ನ ಕಡೆ ಸರಿಸಿದ. ನಾನು ಕುಡಿಯಲಿಲ್ಲ.

‘ಮದ್ವೆ ವಿಷ್ಯ ಕೇಳ್ದೆಯಲ್ಲ. ಹೂಂ ಅನ್ನೋಕೆ ಒಳಗೆ ಏನೂ ಇಲ್ಲ ಕಣೋ. ಮಳವಳ್ಳಿ ಹುಡ್ಗಿ ನಿನ್ ಮುಂದೆ ನಾಚ್ಕೊಂಡು ಕಾಫಿ ಕೊಡ್ತಾಳೆ. ಅವಳ್ನೇ ಮಾಡ್ಕೋ.’

ಸ್ವಾಮಿ ಬ್ಯಾಗ್ ಹೆಗಲಿಗೇರಿಸಿದ. ಬಾಗಿಲಲ್ಲಿ ತಿರುಗಿ ಒಂದು ಸಲ ನೋಡಿದ. ಅವನ ಕಣ್ಣು ಕೆಂಪಗಿತ್ತು.

‘ಸರಿ. ಓಯ್ತೀನಿ.’

ಒಬ್ಬಳೇ ಕುಳಿತು ತಿದ್ದತೊಡಗಿದೆ. ಎರಡು ಸಾಲು ಮುಗಿಯುವಷ್ಟರಲ್ಲಿ ಒಂದೇ ಪದವನ್ನು ಮೂರು ಸಲ ಅಳಿಸಿ ಬರೆದಿದ್ದೆ. ಅವನು ನಾಳೆ ಆ ಹುಡುಗಿಯನ್ನು ನೋಡಿ ನಗುತ್ತಾನೆ ಎಂದುಕೊಂಡೆ. ಉರಿದುಹೋಯಿತು. ಕಂಪ್ಯೂಟರನ್ನೂ ಆರಿಸದೆ ಎದ್ದೆ.

ಬಸ್‌ಸ್ಟ್ಯಾಂಡಿನಲ್ಲಿ ಕಿರುಗಾವಲು ಬಸ್ಸು ಇನ್ನೂ ಹೊರಟಿರಲಿಲ್ಲ. ಸ್ವಾಮಿ ಕಿಟಕಿಗೆ ತಲೆಯಾನಿಸಿ ಕುಳಿತಿದ್ದ. ಹೋಗಿ ಪಕ್ಕದಲ್ಲಿ ಕುಳಿತೆ. ಹೆದರಿಕೆಯಾಗುತ್ತಿತ್ತು. ಹೆದರಿಕೆಯಾದರೂ ಆಗುತ್ತಿದೆಯಲ್ಲ ಎಂದು ಸಂತೋಷವೂ ಆಯಿತು.

ಅವನು ಕಣ್ಣು ಬಿಟ್ಟು ನೋಡುತ್ತಲೇ ಇದ್ದ. ಕಂಡಕ್ಟರ್ ಬಂದ. ಆಧಾರ್ ಕಾರ್ಡ್ ತೋರಿಸಿ, ‘ಕಿರುಗಾವಲು’ ಎಂದೆ.

‘ಅಲ್ಲಿ ಯಾರವ್ರೆ ನಿಂಗೆ?’ ಸ್ವಾಮಿ ಮೆಲ್ಲಗೆ ಕೇಳಿದ.

‘ನಿಮ್ಮವ್ವ ಇಲ್ವಾ? ನಾಳೆ ಮಳವಳ್ಳಿಗೆ ಓಗೋದು ಬ್ಯಾಡ ಅಂತ ಏಳ್ಬೇಕು’ ಎಂದೆ. ಮಾತು ಮುಗಿಯುವ ಮೊದಲೇ, ಇಡೀ ಬಸ್ಸಿನ ಎದುರು, ನನಗೆ ಅಳು ಬಂತು.