ಪಾಸಾಗುವ ಮೊದಲೇ ಬಿದ್ದ ಮೊಟ್ಟೆ

ಮೊದಲ ಮೊಟ್ಟೆ ಅವಳ ಬಲಗಿವಿಯ ಮೇಲೆ ಒಡೆಯಿತು. ಎರಡನೆಯದು ನಡುನೆತ್ತಿಗೆ. ಆಮೇಲೆ ನಾನು ಮೈದಾ ಚೀಲವನ್ನೇ ಬೋರಲು ಹಾಕಿ, ವೆಟರ್ನರಿ ಕಾಲೇಜಿನ ಕಾರಿಡಾರೆಲ್ಲ ಗುಂಯ್‌ಗುಡುವಂತೆ ಕೂಗಿದೆ: "ಇವತ್ತಿಂದ ನಮ್ಮ ತಾಂದೀಲ್ ಊರಿನ ದನಗಳೆಲ್ಲ ನಿನ್ನವೇ ಕಣೇ, ಡಾಕ್ಟರಮ್ಮಾ!"

ಬಿಳಿ ಕೋಟಿನ ಹುಡುಗಿ ನಿಧಾನವಾಗಿ ತಿರುಗಿದಳು. ಸಿನಿಮಾದಲ್ಲಾದರೆ ಇಲ್ಲಿ ಗಾಳಿ ಬೀಸಿ ಕೂದಲು ಹಾರುತ್ತದೆ, ಹಿಂದೆ ಪಿಟೀಲು ಶುರುವಾಗುತ್ತದೆ. ಇಲ್ಲಿ ಕೂದಲಿಂದ ಹಳದಿ ಲೋಳೆ ಇಳಿಯುತ್ತಿತ್ತು. ಹಿಟ್ಟಿನ ನಡುವೆ ಎರಡು ಕಂದು ಕಣ್ಣು ಮಾತ್ರ ಕಂಡವು. ಅವು ನನ್ನ ಚಿಕ್ಕಪ್ಪನ ಮಗಳು ಬ್ರೆಂಡಾಳ ಕಣ್ಣುಗಳಾಗಿರಲಿಲ್ಲ.

"ನಾನು ಫೇಲಾಗಿದೀನಿ," ಅಂದಳು.

ಸುತ್ತ ನಿಂತಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು. ಕೊನೆಯ ಪರೀಕ್ಷೆ ಪಾಸಾಗಿ ಬಾಗಿಲು ದಾಟಿದವರಿಗೆ ಮಾತ್ರ ಮೊಟ್ಟೆ, ಹಿಟ್ಟು. ಪಾಸಾಗದವರ ಮೇಲೆ ಬಿದ್ದರೆ ಅವರು ಇನ್ನು ಯಾವತ್ತೂ ಪಾಸಾಗುವುದಿಲ್ಲ. ನಮ್ಮೂರಲ್ಲಿ ಇದನ್ನು ಪ್ರೊಫೆಸರುಗಳೂ ನಂಬುತ್ತಾರೆ.

"ಮೇಡಂ, ಹಿಂದಿನಿಂದ ನೋಡಿದ್ರೆ ಎಲ್ಲಾ ಡಾಕ್ಟರ್‌ಗಳೂ ಒಂದೇ ಥರ ಕಾಣ್ತಾರೆ..."

"ಮೊಟ್ಟೆ ತಾಜಾನಾ?"

"ನಮ್ಮ ಬೇಕರಿದು. ಇವತ್ತು ಬೆಳಗ್ಗೆ ಬಂದಿದ್ದು."

"ಮೈದಾ?"

"ಚೀಲದ ಮೇಲೆ ನಾಲ್ಕು ಸೊನ್ನೆ ಇದೆ. ಅಂದ್ರೆ ಫಸ್ಟ್ ಕ್ವಾಲಿಟಿ."

"ನನ್ನ ಮಾರ್ಕ್ಸ್ ಥರಾನೇ," ಎಂದು ರೆಪ್ಪೆ ಮೇಲಿನ ಹಿಟ್ಟು ಊದಿ, ತಲೆ ಎತ್ತಿಕೊಂಡೇ ನಡೆದುಹೋದಳು. ಮೊಟ್ಟೆ ಸುರಿಯುತ್ತಿರುವಾಗ ಹಾಗೆ ನಡೆಯುವವರನ್ನು ನಾನು ನೋಡಿದ್ದಿಲ್ಲ. ಆ ಕ್ಷಣಕ್ಕೇ ನಾನು ಔಟ್.

ಅಷ್ಟರಲ್ಲಿ ನಿಜವಾದ ಬ್ರೆಂಡಾ ಪಾಸಾಗಿ ಬಂದಳು. ಎಸೆಯಲು ಒಂದೂ ಮೊಟ್ಟೆ ಉಳಿದಿರಲಿಲ್ಲ. ವಿಷಯ ಕೇಳಿ ತಲೆ ಮೇಲೆ ಕೈಹೊತ್ತಳು. "ಅಯ್ಯೋ ಪಾಪಿ, ನೊಯೆಲಿಯಾಗೆ ಎಸೆದ್ಯಾ? ಅವಳಿಗೆ ಅದೊಂದೇ ಸಬ್ಜೆಕ್ಟ್ ಬಾಕಿ ಇರೋದು ಕಣೋ!"

* * *

ಮರುದಿನ ನೊಯೆಲಿಯಾ ನಮ್ಮ ಬೇಕರಿಗೇ ಬಂದಳು. ತೊಳೆದ ಮುಖ. ಮೂಗಿನ ಮೇಲೆ ಒಂದು ಮಚ್ಚೆ, ನಿನ್ನೆ ಅದು ಹಿಟ್ಟಿನಡಿ ಹೂತುಹೋಗಿತ್ತು.

"ನೀನೇನಾ ತಾದೇಯೊ? ಅಪಶಕುನ ಅಂಟಿಸಿದೀಯ, ತೆಗಿ."

"ತೆಗೀತೀನಿ. ಮೊದಲು ಬಿಸಿ ಮೆದಿಯಾಲೂನಾ ತಿನ್ನು."

ಅರ್ಧಚಂದ್ರದ ಬನ್ನನ್ನು ಅವಳು ತುದಿಯಿಂದ ಶುರುಮಾಡಲಿಲ್ಲ, ನೇರ ಹೊಟ್ಟೆಗೇ ಬಾಯಿ ಹಾಕಿದಳು. ಸಕ್ಕರೆ ಪಾಕ ಕೆಳತುಟಿಗೆ ಹತ್ತಿತು. ನಾನು ಕೌಂಟರ್ ಒರೆಸಿದೆ. ಒರೆಸಿದ್ದನ್ನೇ ಮತ್ತೆ ಒರೆಸಿದೆ.

"ಅಲ್ಲೇನೂ ಇಲ್ಲ, ಫಳಫಳ ಅಂತಿದೆ," ಅಂದಳು, ನಗು ಬನ್ನಿನ ಹಿಂದೆ ಅಡಗಿಸಿಕೊಂಡು.

ಕತೆ ತಿಳಿಯಿತು. ಬಾಕಿ ಇದ್ದ ಸಬ್ಜೆಕ್ಟು ದನಗಳ ಹೆರಿಗೆ. ತಮಾಷೆ ಅಂದರೆ ಗಾರ್ದೆಯ್ ಹಳ್ಳಿ ಕಡೆಯ ಹಟ್ಟಿಗಳಲ್ಲಿ ಸಿಕ್ಕಿಬಿದ್ದ ಕರುಗಳನ್ನೆಲ್ಲ ಹೊರಗೆ ಎಳೆಯುತ್ತಿದ್ದವಳು ಇವಳೇ, ಮುದುಕ ಡಾಕ್ಟರ್ ಬಾಸ್ಸೊನ ಅಸಿಸ್ಟೆಂಟ್ ಆಗಿ. ಕೆಲಸ ಇವಳದು, ಕೆಳಗೆ ಸಹಿ ಬಾಸ್ಸೊನದು.

"ಹಂಗಾದ್ರೆ ಫೇಲ್ ಹೆಂಗಾದೆ?"

"ಮೂರು ಜನ ಎದುರು ಕೂತು, ಕರುವಿನ ಕಾಲು ಮಡಚಿಕೊಂಡಿದ್ರೆ ಏನ್ ಮಾಡ್ತೀಯ ಅಂದ್ರು. ಸರಿ ಮಾಡ್ತೀನಿ ಅಂದೆ. ಹೇಗೆ ಅಂದ್ರು. ಗಾಳೀಲಿ ಕೈ ಆಡಿಸಿ ತೋರಿಸಿದೆ. ಯಾಕೆ ಹಾಗೆ ಅಂದ್ರು. ನನ್ನ ಕೈಗೆ ಗೊತ್ತು ಸಾರ್ ಅಂದೆ. ನಿನ್ನ ಕೈಗೆ ಪದವಿ ಕೊಡೋಕಾಗಲ್ಲ ಕಣಮ್ಮಾ ಅಂದ್ರು."

"ಬಿಡು ಅತ್ಲಾಗೆ! ಪದವಿ ಅಂದ್ರೆ ಏನು, ಫ್ರೇಮ್ ಹಾಕಿದ ಪೇಪರ್ರು. ಕರು ಏನ್ ಸರ್ಟಿಫಿಕೇಟ್ ನೋಡಿ ಹೊರಗೆ ಬರುತ್ತಾ?"

ಸಿನಿಮಾದಲ್ಲಾದರೆ ಈ ಡೈಲಾಗಿಗೆ ಶಿಳ್ಳೆ ಬೀಳಬೇಕಿತ್ತು. ಅವಳ ಮುಖ ಸಪ್ಪಗಾಯಿತು.

"ಕ್ರಿಸ್ಮಸ್‌ಗೆ ಬಾಸ್ಸೊ ರಿಟೈರ್. ಡಿಸೆಂಬರ್ ಪರೀಕ್ಷೇಲಿ ಪಾಸಾದ್ರೆ ಗಾರ್ದೆಯ್ ಕ್ಲಿನಿಕ್ ನಂದು. ಇಲ್ಲಾಂದ್ರೆ ಯಾವನೋ ಹೊಸ ಡಾಕ್ಟರ್ ಬರ್ತಾನೆ, ನಾನು ಅವನ ಬ್ಯಾಗ್ ಹೊತ್ಕೊಂಡು ಹಿಂದೆ ಹೋಗ್ತೀನಿ. ನನ್ನ ಕೆಲಸದ ಕೆಳಗೆ ನನ್ನ ಹೆಸರು ಬೇಕು ತಾದೇಯೊ. ನಿನಗದು ತಮಾಷೆ."

ಬನ್ನಿನ ಕೊನೆಯ ತುಂಡನ್ನು ಬಾಯಿಗೆ ಹಾಕಿಕೊಂಡು ಕೇಳಿದಳು: "ನೀನೇನು ಓದಿದೀಯ?"

"ಹಿಟ್ಟಿನಲ್ಲಿ ಡಾಕ್ಟರೇಟ್. ಒಲೆ ಯೂನಿವರ್ಸಿಟಿ. ಗೋಲ್ಡ್ ಮೆಡಲ್, ಸ್ವಲ್ಪ ಕರಕಲು."

"ಏನು ಓದಿದೀಯ ಅಂದೆ."

ಹೈಸ್ಕೂಲಿನ ಕೊನೆಯ ವರ್ಷದ ಗಣಿತ ಬಾಕಿ. ಆ ಒಂದು ಸಬ್ಜೆಕ್ಟಿನಿಂದಾಗಿ ಹೈಸ್ಕೂಲೇ ಮುಗಿದಿರಲಿಲ್ಲ. ಅದನ್ನು ಹೇಳದೆ, "ಮುಂದಿನವರು ಯಾರು?" ಎಂದು ಕೂಗಿದೆ. ಅಂಗಡಿಯಲ್ಲಿ ಮುಂದಿನವರು ಯಾರೂ ಇರಲಿಲ್ಲ.

* * *

ಅಪಶಕುನ ತೆಗೆಯುವ ನೆಪದಲ್ಲಿ ಅವಳು ದಿನವೂ ಬರತೊಡಗಿದಳು. ಹಿಟ್ಟಿನ ಮೇಜಿನ ಮೂಲೆಯಲ್ಲಿ ಪುಸ್ತಕ, ಪಕ್ಕದಲ್ಲಿ ಮಾಟೆ ಎಲೆಯ ಚಹಾ ಬಟ್ಟಲು. ನಾನು ಪ್ರೊಫೆಸರ್ ಗೆಟಪ್ಪಿನಲ್ಲಿ, ತುಟಿ ಮೇಲೆ ಹಿಟ್ಟಿನ ಮೀಸೆ ಬಳಿದುಕೊಂಡು ಪ್ರಶ್ನೆ ಕೇಳುತ್ತಿದ್ದೆ. ಅವಳು ಉತ್ತರಿಸಲು ಬಾಯಿ ತೆರೆದರೆ ಕೈ ಮಾತ್ರ ಆಡುತ್ತಿತ್ತು. ಅಂಗೈ ಅಗಲ, ಉಗುರು ಗಿಡ್ಡ, ಹೆಬ್ಬೆರಳ ಬುಡದಲ್ಲಿ ಹಳೇ ಗಾಯದ ಗೆರೆ. ಪ್ರಶ್ನೆ ಮರೆತು ನಾನು ಕೈಯನ್ನೇ ನೋಡುತ್ತಿದ್ದೆ.

"ಪ್ರೊಫೆಸರೇ, ಮೀಸೆ ಉದುರ್ತಿದೆ," ಎನ್ನುತ್ತಿದ್ದಳು.

ಒಂದು ಶನಿವಾರ ಅಂಗಡಿ ಬಾಗಿಲವರೆಗೂ ಕ್ಯೂ. ನೊಯೆಲಿಯಾಳ ಫೋನ್ ರಿಂಗಾಯಿತು. ಗಾರ್ದೆಯ್‌ನ ಗ್ಲಾದಿಸ್. ಗಂಡ ಊರಲ್ಲಿಲ್ಲ, ಹಸು ಬೆಳಗಿನಿಂದ ತಿಣುಕುತ್ತಿದೆ, ಒಂದೇ ಕಾಲು ಹೊರಬಂದಿದೆ, ಬಾಸ್ಸೊ ಫೋನ್ ಎತ್ತುತ್ತಿಲ್ಲ. ನೊಯೆಲಿಯಾ ಹೊರಟು ಬಾಗಿಲವರೆಗೆ ಹೋಗಿ ನಿಂತಳು. ಅವಳ ವ್ಯಾನು ಗ್ಯಾರೇಜಿನಲ್ಲಿತ್ತು. ನನ್ನ ಮೋಟಾರ್‌ಬೈಕಲ್ಲಿ ಹಾರಿದರೂ ಹೋಗಿ ತಲುಪುವಷ್ಟು ಹೊತ್ತು ಕರುವಿಗೆ ಇರಲಿಲ್ಲ.

ಅವಳ ಖಾಲಿ ಕೈಗಳು ಗಾಳಿಯಲ್ಲೇ ಕರುವಿನ ಕಾಲು ಹುಡುಕುತ್ತಿದ್ದವು. ನಾನು ಫೋನಿನ ಸ್ಪೀಕರ್ ಒತ್ತಿ ಮೈದಾ ಮೂಟೆ ಮೇಲಿಟ್ಟೆ.

"ಹೇಳು," ಅಂದೆ. "ನಿನ್ನ ಕೈ ಅಲ್ಲಿಲ್ಲ. ಅವಳ ಕೈ ಇದೆ."

ಅವಳು ಕಣ್ಣು ಮುಚ್ಚಿದಳು.

"ಗ್ಲಾದಿಸಕ್ಕಾ, ಕೈ ಸೋಪಲ್ಲಿ ತೊಳ್ಕೊ, ಮೊಣಕೈ ತನಕ. ಎಳೀಬೇಡ! ಈಗ ಎಳೆದ್ರೆ ಮಡಚಿರೋ ಕಾಲು ಮೂಳೆಗೆ ಅಡ್ಡ ಸಿಕ್ಕಿಕೊಳ್ಳುತ್ತೆ. ಮೊದ್ಲು ಕರೂನ ಹಿಂದಕ್ಕೆ ತಳ್ಳು."

"ಹಿಂದಕ್ಕಾ? ತಲೆ ಕೆಟ್ಟಿದ್ಯಾ ಹುಡುಗೀ?"

"ಜಾಗ ಬೇಕಕ್ಕಾ, ಅದಕ್ಕೆ. ಹಸು ತಿಣುಕೋದು ನಿಲ್ಲಿಸಿದಾಗ ತಳ್ಳು. ಈಗ ಮಂಡಿ ಹುಡುಕು, ಅಲ್ಲಿಂದ ಕೆಳಗೆ ಗೊರಸು. ಸಿಕ್ತಾ? ಅಂಗೈಲಿ ಮುಚ್ಕೊ. ಬಿಟ್ರೆ ಗೊರಸು ಒಳಗೆ ಹರಿದುಹಾಕುತ್ತೆ. ಮುಚ್ಕೊಂಡೇ ಮುಂದಕ್ಕೆ ತಾ."

ಕ್ಯೂನಲ್ಲಿದ್ದವರೆಲ್ಲ ಮೂಟೆಯ ಸುತ್ತ ಬಗ್ಗಿದ್ದರು. ದೋನ್ಯಾ ಇರ್ಮಾ ಎಂಬ ನಮ್ಮ ಬೀದಿಯ ಜಗಳಗಂಟಿ ಅಜ್ಜಿ ಬ್ರೆಡ್ಡನ್ನು ಮಗುವಿನಂತೆ ಅವುಚಿಕೊಂಡಿದ್ದಳು. ಒಲೆಯಲ್ಲಿ ನನ್ನ ಬನ್ನುಗಳು ಹೊತ್ತುತ್ತಿದ್ದವು. ಹೊತ್ತಲಿ.

ಫೋನಿನಲ್ಲಿ ಹಸು ಒದರಿತು. ಆಮೇಲೆ ದೊಪ್ ಎಂಬ ಸದ್ದು. ಆಮೇಲೆ ಗ್ಲಾದಿಸ್ ಅಳುತ್ತಾ ನಗುತ್ತಾ ಕಿರುಚಿದಳು: "ತಲೆ ಕೊಡವ್ತಿದೆ! ಹೆಣ್ಣು ಕರು ಕಣೇ!"

ಅಂಗಡಿಯೇ ಹಾರಿಬೀಳುವಂಥ ಚಪ್ಪಾಳೆ. ನೊಯೆಲಿಯಾ ಮೂಟೆ ಪಕ್ಕ ನೆಲದಲ್ಲೇ ಕೂತಳು. ನಾನು ಪಕ್ಕದಲ್ಲೇ ಕೂತೆ.

"ಯಾಕೆ ಅಂತ ಎಲ್ಲಾ ಹೇಳ್ದೆ ನೀನು," ಅಂದೆ.

"ಹೇಳ್ದೆ, ಅಲ್ವಾ?" ಅವಳ ಕಣ್ಣು ತುಂಬಿತ್ತು. "ಆ ಮೂರು ಜನ ಕೇಳಿದ್ದು ಇದನ್ನೇ. ನಾನು ಹೋಗೋಕಾಗದ ಹಟ್ಟಿಗೆ ನನ್ನ ಮಾತಾದ್ರೂ ಹೋಗ್ಬೇಕು. ಕಾಲು ಹುಡುಕೋದು ನನಗೆ ಬಾಸ್ಸೊ ಕಲಿಸಿದ್ದು. ಯಾಕೆ ಅನ್ನೋದು ಪುಸ್ತಕದಲ್ಲಿತ್ತು. ಎರಡೂ ಇಲ್ದೆ ಇವತ್ತು ಆ ಕರು ಉಳೀತಿರ್ಲಿಲ್ಲ."

ಆಮೇಲೆ ನನ್ನ ಹಿಟ್ಟಿನ ಮೀಸೆಯನ್ನು ಹೆಬ್ಬೆರಳಿಂದ ಒರೆಸಿದಳು. ಮೆಲ್ಲಗೆ, ಒಂದು ಕಡೆಯಿಂದ ಇನ್ನೊಂದು ಕಡೆಗೆ.

"ಗಣಿತ ಬಾಕಿ ಅಂತೆ. ಬ್ರೆಂಡಾ ಹೇಳಿದ್ಲು."

"ಬ್ರೆಡ್ಡಿಗೆ ಗಣಿತ ಬೇಡ ಕಣೇ..."

"ಬ್ರೆಡ್ಡಿಗೆ ಬೇಡ. ನಿನಗೆ ಬೇಕು. ಏನು ಓದಿದೀಯ ಅಂದಾಗಲೆಲ್ಲ ನೀನು ಜೋಕ್ ಹೊಡೀತೀಯಲ್ಲ ಹಿಟ್ಟುಮೂಟೆ, ಆಗ ನಿನ್ನ ಕಿವಿ ಕೆಂಪಾಗುತ್ತೆ. ನಾನು ಕೂರ್ತೀನಿ. ನೀನೂ ಕೂರು."

ನಾನು ಕಿವಿ ಮುಟ್ಟಿ ನೋಡಿಕೊಂಡೆ. ಸುಡುತ್ತಿತ್ತು.

ಅಂದಿನಿಂದ ಮೇಜಿನ ಇನ್ನೊಂದು ಮೂಲೆಯಲ್ಲಿ ನನ್ನ ಹಳೇ ಗಣಿತದ ಪುಸ್ತಕವೂ ಬಂದು ಕೂತಿತು. ಅವಳು ಹೇಳಿಕೊಡುವಾಗ ಪೆನ್ಸಿಲ್ ಹಿಡಿದ ನನ್ನ ಕೈ ಪಕ್ಕ ಅವಳ ಕೈ. ಎಕ್ಸ್ ಎಷ್ಟು ಅಂತ ಕೇಳಿದರೆ ನನಗೆ ಅವಳ ಮಚ್ಚೆ ಕಾಣುತ್ತಿತ್ತು.

"ಮುಖದಲ್ಲಿ ಉತ್ತರ ಬರ್ದಿಲ್ಲ. ಪುಸ್ತಕ ನೋಡು."

* * *

ಡಿಸೆಂಬರ್. ನಮ್ಮಲ್ಲಿ ಅದು ಬೇಸಿಗೆ, ಸುಡು ಬಿಸಿಲು. ನನ್ನದೂ ಅವಳದೂ ಒಂದೇ ದಿನ. ನನ್ನದು ಬೆಳಗ್ಗೆ, ವಯಸ್ಕರ ಸ್ಕೂಲಿನಲ್ಲಿ, ಗಡ್ಡ ಬಂದವರು ಪುಟ್ಟ ಡೆಸ್ಕುಗಳಲ್ಲಿ ಮಂಡಿ ತೂರಿಸಿಕೊಂಡು ಕೂರುವ ಕಡೆ. ಮೇಡಂ ಅಲ್ಲೇ ತಿದ್ದಿ ಪೇಪರ್ ಕೈಗಿಟ್ಟರು. ಅದನ್ನು ನೋಡಿದ್ದೇ ನಾನು ಓಡಿದೆ. ಗುಡ್ಡದ ಮೇಲಿನ ಕಾಲೇಜು ತಲುಪುವಾಗ ಏದುಸಿರು.

ನನ್ನ ಕೈ ಖಾಲಿ. ಈ ಸಲ ಮೊಟ್ಟೆ ಮುಟ್ಟಬಾರದೆಂದು ಬ್ರೆಂಡಾಳ ಕಟ್ಟಾಜ್ಞೆ. ಆದರೆ ಶನಿವಾರದ ಕ್ಯೂ ಪೂರ್ತಿ ಅಲ್ಲಿತ್ತು. ದೋನ್ಯಾ ಇರ್ಮಾ ಎರಡು ಟ್ರೇ ಮೊಟ್ಟೆ ಹಿಡಿದಿದ್ದಳು. ಗ್ಲಾದಿಸ್ ಕರುವಿನ ಫೋಟೋ ತಂದಿದ್ದಳು. ಡಾಕ್ಟರ್ ಬಾಸ್ಸೊ ಟೊಪ್ಪಿ ತಿರುಗಿಸುತ್ತಾ ಗೋಡೆಗೆ ಒರಗಿದ್ದ.

ಬಾಗಿಲು ತೆರೆಯಿತು. ನೊಯೆಲಿಯಾ. ಮುಖದಲ್ಲಿ ಏನೂ ಇಲ್ಲ. ಯಾರನ್ನೂ ನೋಡದೆ ನೇರ ನನ್ನ ಮುಂದೆ ಬಂದು ನಿಂತಳು.

"ಏನಾಯ್ತು?" ನನ್ನ ದನಿ ಸಿಕ್ಕಿಬಿದ್ದ ಕರು.

"ಅದೇ ಪ್ರಶ್ನೆ ಕೇಳಿದ್ರು. ಮಡಚಿದ ಕಾಲು."

"ನೀನೇನಂದೆ?"

"ಗ್ಲಾದಿಸಕ್ಕಾ, ಕೈ ತೊಳ್ಕೊ ಅಂತ ಶುರು ಮಾಡ್ದೆ." ತುಟಿಯ ತುದಿ ಮೆಲ್ಲಗೆ ಅರಳಿತು. "ಹತ್ತಕ್ಕೆ ಒಂಬತ್ತು, ತಾದೇಯೊ. ಒಂಬತ್ತು!"

ಆಮೇಲೆ ಆಕಾಶವೇ ಮೊಟ್ಟೆಯಾಯಿತು. ದೋನ್ಯಾ ಇರ್ಮಾಳ ಮೊದಲ ಏಟೇ ನಡುನೆತ್ತಿಗೆ. ಹಿಟ್ಟಿನ ಮೋಡದಲ್ಲಿ ಬಾಸ್ಸೊ ಬಂದು, ತನ್ನ ಟೊಪ್ಪಿ ತೆಗೆದು ಅವಳ ತಲೆಗಿಟ್ಟು, "ಡಾಕ್ಟರ್," ಅಂದ. ಅಷ್ಟೇ ಅಂದ. ಅವಳು ಅತ್ತಳು.

ಹಿಟ್ಟಿನ ನಡುವಿಂದ ಮತ್ತೆ ಅದೇ ಎರಡು ಕಂದು ಕಣ್ಣು ನನ್ನ ಕಡೆ ತಿರುಗಿದವು.

"ನಿಂದು?"

ನಾನು ಬಾಯಿ ತೆರೆದೆ. ಹಳೇ ಅಭ್ಯಾಸ, ಜೋಕೊಂದು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ.

"ಪಾಸ್. ಪಾಸಾಗೋಕೆ ಎಷ್ಟು ಬೇಕೋ ಅಷ್ಟೇ, ಒಂದು ಮಾರ್ಕೂ ಜಾಸ್ತಿ ಇಲ್ಲ. ನಾನು ಹೈಸ್ಕೂಲ್ ಮುಗಿಸಿದೀನಿ ನೊಯೆಲಿಯಾ." ಅದನ್ನು ಜೋರಾಗಿ ಹೇಳಿದಾಗ ನನ್ನ ಕಿವಿ ತಣ್ಣಗಿತ್ತು. "ಇನ್ನೊಂದು. ಇದಕ್ಕೆ ದೊಡ್ಡ ಡೈಲಾಗ್ ರೆಡಿ ಮಾಡಿದ್ದೆ, ಓಡೋವಾಗ ಎಲ್ಲೋ ಬಿದ್ದುಹೋಯ್ತು. ನಂಗೆ ನೀನಂದ್ರೆ ಇಷ್ಟ. ಮೊದಲ ಮೊಟ್ಟೆಯಿಂದ."

ಅವಳು ದೋನ್ಯಾ ಇರ್ಮಾಳ ಟ್ರೇಯಿಂದ ಕೊನೆಯ ಮೊಟ್ಟೆ ಎತ್ತಿಕೊಂಡಳು. ತುದಿಗಾಲಲ್ಲಿ ನಿಂತು, ನನ್ನ ನೆತ್ತಿಗೆ ಕುಟ್ಟಿದಳು. ತಣ್ಣನೆ ಲೋಳೆ ಹುಬ್ಬಿಗಿಳಿಯಿತು. ಅದನ್ನು ಅದೇ ಹೆಬ್ಬೆರಳಿಂದ ಒರೆಸಿ, ನನ್ನ ಕಾಲರ್ ಹಿಡಿದು ಎಳೆದುಕೊಂಡಳು.

"ನಂಗೆ ಎರಡನೇ ಮೊಟ್ಟೆಯಿಂದ," ಅಂದಳು. "ಮೊದಲನೇದು ಕಿವಿಗೆ ಬಿತ್ತು, ನೋವಾಯ್ತು."

ಮುತ್ತಿಗೆ ಹಸಿ ಮೊಟ್ಟೆಯ ರುಚಿ ಇತ್ತು, ನಾಲ್ಕು ಸೊನ್ನೆ ಮೈದಾದ ರುಚಿ ಇತ್ತು. ಹಿಂದೆ ಪಿಟೀಲು ಇರಲಿಲ್ಲ. ದೋನ್ಯಾ ಇರ್ಮಾ ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದಳು, ಗುಡ್ಡದಾಚೆಯ ದನಗಳೂ ತಲೆ ಎತ್ತುವ ಹಾಗೆ.