ಮೊಗ್ಗು ಬಿಡದ ನಲವತ್ತು ಕುಂಡ

ಚಳಿಗಾಲ ಕಾಲು ಕೀಳುತ್ತಿದ್ದ ದಿನಗಳು. ಬೆಳಗಿನ ಆರು ಗಂಟೆ. ಹಿಂದಿನ ಕೋಣೆಯಲ್ಲಿ ಸೊಸೆ ಕಪ್ಪು ಬಟ್ಟೆ ಸರಿಸಿದಳು. ನಲವತ್ತು ಕುಂಡ ಸೇವಂತಿಗೆ. ಇಂದಿಗೆ ಇಪ್ಪತ್ತೊಂಬತ್ತನೆಯ ದಿನ. ಒಂದರಲ್ಲೂ ಮೊಗ್ಗಿಲ್ಲ! ತುದಿಯಲ್ಲಿ ಬರೀ ಎಲೆ, ಎಲೆಯ ಮೇಲೆ ಎಲೆ... ನೆಲದ ಮೇಲೆ ಕುಸಿದು ಕೂತವಳು ಏಳಲೇ ಇಲ್ಲ. ಬಾಗಿಲಲ್ಲಿ ನಿಂತಿದ್ದ ಅತ್ತೆಯ ಕೈಯಲ್ಲೇ ಚಹಾ ಆರಿಹೋಯಿತು.

ಗಿಡಗಳ ಒಡಲು ಹೇಗೆ ಕೆಲಸ ಮಾಡುತ್ತದೆ ಎಂಬ ಶಾಸ್ತ್ರದಲ್ಲಿ ಪಿಎಚ್.ಡಿ. ಸಂಶೋಧನೆ ಹಿಡಿದು ಸೊಸೆಗೆ ಆರು ವರ್ಷವಾಗಿತ್ತು. "ಮನೆಗೆ ಡಾಕ್ಟರು ಬರ್ತಾಳೆ, ನನ್ನ ಮಂಡಿನೋವು ಹೋಯ್ತು ಅನ್ಕೊಂಡಿದ್ದೆ. ನೋಡಿದ್ರೆ ಇವಳು ಗಿಡದ ಡಾಕ್ಟರಂತೆ! ಇನ್ನು ನಾನು ಬೇರು ಬಿಟ್ಕೊಂಡು ನಿಲ್ಲಬೇಕಷ್ಟೆ" ಎಂದು ಅತ್ತೆ ನೆರೆಯವರನ್ನು ನಗಿಸುತ್ತಿದ್ದಳು. ಗಂಡ ಸತ್ತ ಮೇಲೆ ಹೊಲಿಗೆ ಮೆಷಿನ್ನು ತುಳಿದೇ ಮಗನನ್ನು ಸಾಕಿದ ಹೆಂಗಸು ಆಕೆ. ಬಾಯಿ ಒರಟು, ಕೈ ಮೆತ್ತಗೆ.

ವಿಶ್ವವಿದ್ಯಾಲಯದ ಕತ್ತಲೆ ಕೋಣೆ ಕೆಟ್ಟು ಕೂತಿತ್ತು. ಬೇರೆ ಊರಿನ ಸಂಶೋಧನಾ ಕೇಂದ್ರದಲ್ಲಿ ಒಳ್ಳೆಯದಿದೆ, ಒಂದು ವರ್ಷ ಅಲ್ಲಿದ್ದು ಮುಗಿಸು ಎಂದು ಗೈಡ್ ಹೇಳಿದ್ದರು. ಮುದ್ರಣಾಲಯದಲ್ಲಿ ಕೆಲಸಕ್ಕಿದ್ದ ಅವಳ ಗಂಡ ಸುತರಾಂ ಒಪ್ಪಲಿಲ್ಲ. ಆಗ ಅತ್ತೆಯೇ ಮೂರು ಪದರದ ಕಪ್ಪು ಬಟ್ಟೆ ಹೊಲಿದು ಹಿಂದಿನ ಕೋಣೆ ಬಿಟ್ಟುಕೊಟ್ಟಳು. ಸೊಸೆ ಮಧ್ಯಾಹ್ನ ಎರಡಕ್ಕೆ ಗಿಡಗಳನ್ನು ಮುಚ್ಚಿ ವಿಶ್ವವಿದ್ಯಾಲಯಕ್ಕೆ ಹೋಗಬೇಕು, ಬೆಳಿಗ್ಗೆ ಆರಕ್ಕೆ ಬಟ್ಟೆ ತೆಗೆಯಬೇಕು.

"ಎಲೆ ರಾತ್ರಿಯ ಉದ್ದ ಅಳೆಯುತ್ತೆ ಅತ್ತೆ. ಉದ್ದ ಆಯ್ತು ಅಂತ ಗೊತ್ತಾದ್ರೆ ತುದಿಗೆ ಸುದ್ದಿ ಕಳಿಸುತ್ತೆ, ಮೊಗ್ಗು ಬರುತ್ತೆ. ಮಧ್ಯೆ ಬೆಳಕು ಬೀಳಬಾರದು" ಎಂದಿದ್ದಳು ಸೊಸೆ. ಇಪ್ಪತ್ತೆಂಟು ಉದ್ದ ರಾತ್ರಿ ಸಾಕು ಎಂಬುದೇ ಅವಳ ಪ್ರಬಂಧದ ಕೊನೆಯ ಮಾತು.

ಮೊಗ್ಗಿಲ್ಲದ ಆ ಬೆಳಿಗ್ಗೆ ಮಗ ಶರ್ಟಿನ ಗುಂಡಿ ಹಾಕಿಕೊಳ್ಳುತ್ತಾ ಕೋಣೆಗೆ ಇಣುಕಿದ.

"ಆಯ್ತಲ್ಲ? ಗಿಡಗಳೇ ಸಾಕು ಅಂದ್ವು. ಇನ್ನಾದರೂ ಸಂಸಾರ ಮಾಡೋಣ."

ಸೊಸೆ ನೆಲದಿಂದ ಎದ್ದಳು. ವಾದಕ್ಕೂ ತ್ರಾಣ ಬೇಕಲ್ಲ! ಊಟದ ಮೇಜಿನ ಮುಂದೆ ಕೂತು ಗೈಡಿಗೆ ಪತ್ರ ಬರೆಯತೊಡಗಿದಳು.

"ಏನಮ್ಮ ಅದು?" ಎಂದಳು ಅತ್ತೆ.

"ಬಿಟ್ಟುಬಿಡ್ತೀನಿ ಅತ್ತೆ. ಬೆಳಕು ಒಂದು ಚೂರೂ ಬಿದ್ದಿಲ್ಲ, ಲೆಕ್ಕ ತಪ್ಪಿಲ್ಲ... ಅಂದ್ರೆ ನಾನು ನಂಬಿದ್ದೇ ಸುಳ್ಳು. ಆರು ವರ್ಷ ಸುಳ್ಳಿನ ಹಿಂದೆ ಓಡಿದ್ದೀನಿ."

ಅತ್ತೆ ಪತ್ರದ ಕಡೆ ನೋಡಿದಳು. ಬಾಯಿ ಮುಚ್ಚಿಕೊಂಡರೆ ಸೊಸೆ ಮನೆಯಲ್ಲೇ ಉಳಿಯುತ್ತಾಳೆ. ಬಾಯಿ ಬಿಟ್ಟರೆ... ಆಕೆ ಕುರ್ಚಿ ಎಳೆದು ಎದುರಿಗೆ ಕೂತಳು.

"ಪೆನ್ನು ಕೆಳಗಿಡು ತಾಯಿ. ನಾನು ನೋಡ್ತಿದ್ದೆ."

"ಏನನ್ನ?"

"ದಿನಾ ರಾತ್ರಿ... ನೀನು ಯೂನಿವರ್ಸಿಟಿಯಿಂದ ಬರೋಕೆ ಮುಂಚೆ. ಬಟ್ಟೆ ಎತ್ತಿ, ಟಾರ್ಚು ಹಿಡಿದು ಒಂದೊಂದೇ ಗಿಡದ ತುದಿ ನೋಡ್ತಿದ್ದೆ. ಮೊಗ್ಗು ಕಂಡ್ರೆ ಮೊದಲು ನಾನೇ ನಿಂಗೆ ಹೇಳಬೇಕು ಅಂತ ಆಸೆ! ಸೂರ್ಯನ ಮುಂದೆ ಟಾರ್ಚು ಯಾವ ಲೆಕ್ಕ ಅನ್ಕೊಂಡೆ ಕಣೇ..."

ಸೊಸೆ ಕೂಗಾಡಲಿಲ್ಲ. ನೋಟ್‌ಬುಕ್ ಎಳೆದುಕೊಂಡಳು.

"ಎಷ್ಟು ಗಂಟೆಗೆ?"

"ಎಂಟಕ್ಕೆ."

"ಎಷ್ಟು ಹೊತ್ತು?"

"ಎಲ್ಲ ನೋಡೋಕೆ ಅರ್ಧ ಗಂಟೆ."

"ಒಂದು ದಿನಾನೂ ತಪ್ಪಿಸಿಲ್ವಾ?"

"ಇಲ್ಲ... ಜ್ವರ ಬಂದಾಗಲೂ ಇಲ್ಲ."

ಬರೆಯುತ್ತಿದ್ದ ಕೈ ನಿಂತಿತು. "ಒಂದು ಉದ್ದ ರಾತ್ರಿಯನ್ನ ಎರಡು ಗಿಡ್ಡ ರಾತ್ರಿ ಮಾಡಿದ್ರಿ ಅತ್ತೆ... ಹಾಗಾದ್ರೆ ಗಿಡ ಸರಿಯಾಗೇ ಅಳೆದಿದೆ. ನಾನು... ನಾನು ತಪ್ಪಿರಲಿಲ್ಲ!" ಎಂದವಳು ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿದಳು. ಬೆನ್ನು ಸವರಲು ಅತ್ತೆಗೆ ಕೈ ಬರಲಿಲ್ಲ. ಯಾವ ಮುಖ ಹೊತ್ತು ಸವರುವುದು?

ಸಂಜೆ ಮಗ ಬಂದಾಗ ಅತ್ತೆಯೇ ಎಲ್ಲ ಹೇಳಿದಳು.

"ಇನ್ನು ಈ ಮನೇಲಿ ಬೇಡ, ಅವಳು ಆ ಕೇಂದ್ರಕ್ಕೆ ಹೋಗಿ ಮೊದಲಿಂದ ಮಾಡ್ತಾಳೆ."

"ಅಮ್ಮಾ, ನಿನ್ನ ತಪ್ಪಿಗೆ ನಾನ್ಯಾಕೆ ಒಂದು ವರ್ಷ ಒಬ್ಬನೇ ಇರಲಿ?"

"ಇರು. ನಾನು ಇಪ್ಪತ್ತೆರಡು ವರ್ಷ ಇದ್ದೆ. ಸತ್ತೆನಾ?"

ಮಗ ತಟ್ಟೆ ಸರಿಸಿ ಎದ್ದ.

ಹೊರಡುವ ದಿನ ಅವನು ಬೇಗನೆ ಕೆಲಸಕ್ಕೆ ಹೋಗಿಬಿಟ್ಟಿದ್ದ. ಅತ್ತೆಯೇ ಮಂಡಿ ಹಿಡಿದುಕೊಂಡು ಬೀದಿಯ ಕೊನೆಯವರೆಗೆ ಚೀಲ ಹೊತ್ತಳು.

"ನನ್ನ ಮೇಲೆ ಸಿಟ್ಟಿದೆಯಾ?"

"ಇದೆ ಅತ್ತೆ" ಎಂದಳು ಸೊಸೆ. ಚೀಲ ಇಸಿದುಕೊಂಡು, "ಸಿಟ್ಟು ಮಾಡೋಕೂ ಸುಸ್ತು. ಮಂಡಿಗೆ ಎಣ್ಣೆ ಹಚ್ಕೊಳ್ಳಿ" ಎಂದಳು.

ಬಸ್ಸು ಬಂತು. ಅವಳು ಹತ್ತಿ ಕೂತಳು; ಕೈ ಬೀಸಲಿಲ್ಲ, ಮುಖ ತಿರುಗಿಸಲೂ ಇಲ್ಲ, ಅತ್ತೆ ಕಾಣುವವರೆಗೂ ನೋಡುತ್ತಲೇ ಇದ್ದಳು. ಅತ್ತೆಗೆ ಅಷ್ಟೇ ಸಾಕಾಯಿತು. ಸೊಸೆ ಒಂದು ವರ್ಷಕ್ಕೆಂದು ಮನೆ ಬಿಟ್ಟು ಹೋದದ್ದು ಒಂದು ಗುರುವಾರ.